ಪಿಕಪ್ ಎತ್ತರಿಸುವ ಮೊದಲು ವೇಬ್ರಿಡ್ಜ್‌ಗೆ ಒಯ್ಯಿರಿ

ಖಾಲಿ ನಿಂತ ಟೊಯೋಟ ಹೈಲಕ್ಸನ್ನೋ ಐಸುಜು ವಿ-ಕ್ರಾಸನ್ನೋ ಸಮತಟ್ಟಾದ ಜಾಗದಲ್ಲಿ ಪಕ್ಕದಿಂದ ನೋಡಿದರೆ ಹಿಂಬದಿ ಎದ್ದು, ಮೂತಿ ತಗ್ಗಿದಂತೆ ಕಾಣುತ್ತದೆ. ನೊಗಕ್ಕೆ ಕೊರಳು ಕೊಡಲು ಬಾಗಿದ ಎತ್ತಿನ ಭಂಗಿ. ಕೆಲವರ ಕಣ್ಣಿಗೆ ಅದೇ ಚುಚ್ಚುತ್ತದೆ; ಗಾಡಿ ಮನೆಗೆ ಬಂದ ತಿಂಗಳೊಳಗೆ ‘ಮುಂದೆ ಎರಡಿಂಚು ಎತ್ತಿಸಬೇಕು’ ಎನ್ನುವ ಮಾತು ಶುರುವಾಗುತ್ತದೆ. ಆದರೆ ಆ ಓರೆ ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಹಿಂದಿನ ಡೆಕ್ಕಿಗೆ ಮೂಟೆ ಬಿದ್ದಾಗ ಲೀಫ್ ಸ್ಪ್ರಿಂಗ್ ಕುಗ್ಗಿ ಗಾಡಿ ಸಮಕ್ಕೆ ಬರಲಿ ಎಂದು ಬೇಕೆಂದೇ ಬಿಟ್ಟ ಅಂತರ ಅದು. ಅದನ್ನು ತೆಗೆಯುವುದೋ ಉಳಿಸುವುದೋ ಎಂಬುದು ಡೆಕ್ಕಿನಲ್ಲಿ ವರ್ಷದ ಎಷ್ಟು ದಿನ ಏನಿರುತ್ತದೆ ಎನ್ನುವುದರ ಮೇಲೆ ನಿಂತಿದೆ.

ಎರಡು ಬೇರೆ ಬೇರೆ ಕೆಲಸಗಳನ್ನು ಅಂಗಡಿಯವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಲೆವೆಲಿಂಗ್ ಕಿಟ್ ಎಂದರೆ ಮುಂಭಾಗವನ್ನು ಮಾತ್ರ 25ರಿಂದ 40 ಮಿ.ಮೀ. ಎತ್ತಿ ಹಿಂಭಾಗದ ಸಮಕ್ಕೆ ತರುವುದು. ಲಿಫ್ಟ್ ಕಿಟ್ ಎಂದರೆ ನಾಲ್ಕೂ ಮೂಲೆಯನ್ನು ಎತ್ತುವುದು. ಲೆವೆಲಿಂಗ್ ಮೂಲತಃ ಅಮೆರಿಕದ ಅಭ್ಯಾಸ. ಫೋರ್ಡ್ ಎಫ್-150, ಷೆವರ್ಲೆ ಸಿಲ್ವೆರಾಡೊ 1500 ತರಹದ ಗಾಡಿಗಳಲ್ಲಿ ಬಹುಪಾಲು ದಿನ ಡೆಕ್ ಖಾಲಿಯೇ ಓಡುತ್ತದೆ, ಹಾಗಾಗಿ ಮೂತಿ ಎತ್ತಿದರೆ ನಷ್ಟ ಕಡಿಮೆ. ಅಲ್ಲಿನ ಕನ್ನಡಿಗರೂ ವಾರಾಂತ್ಯದಲ್ಲಿ ಈ ಕೆಲಸ ಮಾಡಿಸಿಕೊಳ್ಳುವುದುಂಟು. ಮಲೆನಾಡಿನ ತೋಟದ ಗಾಡಿಯ ಲೆಕ್ಕ ಬೇರೆ. ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ಆಳುಗಳು, ಸಂಜೆ ಕಾಫಿ ಮೂಟೆ. ಇಂಥ ಗಾಡಿಯ ಮೂತಿಯನ್ನಷ್ಟೇ ಎತ್ತಿ ಹಿಂದೆ 50 ಕೆ.ಜಿ.ಯ ಹತ್ತು ಮೂಟೆ ಹೇರಿದರೆ ಹಿಂಬದಿ ಕುಸಿದು ಮುಂಬದಿ ಆಕಾಶ ನೋಡುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಎದುರಿನವನ ಕಣ್ಣಿಗೆ ಹೆಡ್‌ಲೈಟ್ ಬೀಳುತ್ತದೆ, ಘಾಟಿ ಇಳಿಯುವಾಗ ಮುಂದಿನ ಟೈರಿನ ಹಿಡಿತದ ಮೇಲೆ ನಂಬಿಕೆ ಇಡಲಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಕಿಟ್ ಹುಡುಕುವುದಲ್ಲ, ವೇಬ್ರಿಡ್ಜ್‌ಗೆ ಹೋಗುವುದು. ಅಕ್ಕಿ ಗಿರಣಿ, ಕ್ರಷರ್, ಕಾಫಿ ಕ್ಯೂರಿಂಗ್ ಘಟಕಗಳ ಹತ್ತಿರ ಒಂದಾದರೂ ಇದ್ದೇ ಇರುತ್ತದೆ. ಡೀಸೆಲ್ ಟ್ಯಾಂಕ್ ತುಂಬಿಸಿ, ಡ್ರೈವರ್ ಕೂತೇ ಇರಲಿ. ಮೊದಲು ಪೂರ್ತಿ ಗಾಡಿಯ ತೂಕ. ಆಮೇಲೆ ಮುಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ ಇರುವಂತೆ ನಿಲ್ಲಿಸಿ ಒಂದು ತೂಕ, ಹಿಂದಿನವು ಮಾತ್ರ ಇರುವಂತೆ ಇನ್ನೊಂದು. ಇದೇ ಮೂರನ್ನೂ ಮಾಮೂಲಿ ಲೋಡ್ ಹಾಕಿ ಮತ್ತೊಮ್ಮೆ ಮಾಡಿ. ಆರು ಅಂಕಿ ಸಿಗುತ್ತವೆ, ಚೀಟಿಗೆ ಕೊಡುವುದು ಪುಡಿಗಾಸು. ಮುಂದಿನ ಆಕ್ಸಲ್ ಮೇಲೆ ಶೋರೂಮಿನಿಂದ ಬಂದಾಗಿಗಿಂತ ಎಷ್ಟು ಹೆಚ್ಚಾಗಿದೆ, ಹಿಂದೆ ಕಾಯಂ ಎಷ್ಟು ಕೂತಿದೆ, ಆಗಾಗ ಬಂದು ಹೋಗುವ ಭಾರ ಎಷ್ಟು ಎನ್ನುವ ಮೂರು ಪ್ರಶ್ನೆಗೆ ಆ ಚೀಟಿಯಲ್ಲೇ ಉತ್ತರವಿದೆ. ಫೈಬರ್ ಕ್ಯಾನೊಪಿ, ಡೆಕ್ಕಿನ ಡ್ರಾಯರ್, ಎರಡನೇ ಬ್ಯಾಟರಿ, ಚಾವಣಿ ಮೇಲಿನ ಟೆಂಟ್ ಇವೆಲ್ಲ ಕಾಯಂ ಭಾರ. 45 ಕೆ.ಜಿ.ಯ ಯೂರಿಯಾ ಚೀಲಗಳು ಬಂದು ಹೋಗುವ ಭಾರ. ಇವೆರಡನ್ನೂ ಒಂದೇ ಎಂದುಕೊಂಡವರು ಬಿಗಿ ಸ್ಪ್ರಿಂಗ್ ಹಾಕಿಸಿ, ಆಮೇಲೆ ಖಾಲಿ ಗಾಡಿಯಲ್ಲಿ ಸೊಂಟ ಹಿಡಿದುಕೊಂಡು ಓಡಾಡುತ್ತಾರೆ.

ಅದೇ ದಿನ ಎತ್ತರವನ್ನೂ ಅಳೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ, ನೆಲದ ಓರೆ ಎರಡೂ ಲೆಕ್ಕ ಕೆಡಿಸುತ್ತವೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿಗೆ ಟೇಪು ಹಿಡಿಯಿರಿ. ನಾಲ್ಕೂ ಮೂಲೆ, ಖಾಲಿ ಇದ್ದಾಗ ಒಮ್ಮೆ, ಲೋಡಿನಲ್ಲಿ ಒಮ್ಮೆ. ಎಡ ಬಲದ ನಡುವೆ ಕೆಲವು ಮಿ.ಮೀ. ವ್ಯತ್ಯಾಸ ಈಗಲೇ ಇದ್ದರೆ ಬರೆದಿಡಿ. ಕಿಟ್ ಹಾಕಿದ ಮೇಲೆ ‘ಗಾಡಿ ಒಂದು ಕಡೆ ವಾಲುತ್ತಿದೆ’ ಎಂದು ಗ್ಯಾರೇಜಿನವರ ಜೊತೆ ಜಗಳಕ್ಕೆ ನಿಲ್ಲುವವರಲ್ಲಿ ಹಲವರಿಗೆ ಅದು ಮೊದಲೂ ವಾಲುತ್ತಿತ್ತು ಎಂಬುದೇ ಗೊತ್ತಿರುವುದಿಲ್ಲ.

ಎತ್ತರದಿಂದ ಏನು ಸಿಗುತ್ತದೆ ಎಂಬುದರ ಬಗ್ಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಹೈಲಕ್ಸ್, ವಿ-ಕ್ರಾಸ್ ಎರಡರಲ್ಲೂ ಮುಂದೆ ಡಬಲ್ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಇಡಿಯಾದ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್. ಲಿಫ್ಟ್ ಹಾಕಿದರೆ ಚಾಸಿಸ್ ಏರುತ್ತದೆ, ಅದಕ್ಕೆ ಕಟ್ಟಿದ ಮುಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರುಗಳ ಪೆಟ್ಟಿಗೆ), ಗೇರ್‌ಬಾಕ್ಸ್, ಟ್ಯಾಂಕ್ ಎಲ್ಲ ಏರುತ್ತವೆ. ಹಿಂದಿನ ಡಿಫರೆನ್ಷಿಯಲ್ ಕೂತಿರುವ ಆಕ್ಸಲ್ ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಚಕ್ರಗಳ ನಡುವೆಯೇ ಕೂತಿದೆ. ಜೀಪು ಓಡಾಡಿ ಎರಡು ಗಾಲಿ ಜಾಡು ಆಳವಾಗಿ, ನಡುವೆ ದಿಬ್ಬ ಎದ್ದ ತೋಟದ ರಸ್ತೆಯಲ್ಲಿ ಮೊದಲು ತಾಗುವುದು ಆ ಹೌಸಿಂಗೇ. ಅದನ್ನು ಎತ್ತುವುದು ದೊಡ್ಡ ಟೈರ್ ಒಂದೇ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. ಹೈಲಕ್ಸಿನ 265/65 ಆರ್17 ಟೈರಿನ ವ್ಯಾಸ ಸುಮಾರು 776 ಮಿ.ಮೀ. ಅದರ ಬದಲು 265/70 ಆರ್17 ಹಾಕಿದರೆ 803. ಹೌಸಿಂಗಿಗೆ ಸಿಕ್ಕಿದ್ದು 13 ಮಿ.ಮೀ. ಚಿಲ್ಲರೆ.

ಹಾಗಾದರೆ 40 ಮಿ.ಮೀ. ಲಿಫ್ಟ್ ಯಾತಕ್ಕೆ? ಮೂತಿ ಮತ್ತು ಹೊಟ್ಟೆಗೆ. ಹೈಲಕ್ಸಿನ ಚಕ್ರಾಂತರ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 3,085 ಮಿ.ಮೀ. ಇಷ್ಟು ಉದ್ದದ ಗಾಡಿ ದಿಬ್ಬ ದಾಟುವಾಗ ಹೊಟ್ಟೆ ಉಜ್ಜುವುದೇ ತಕರಾರು. ನಾಲ್ಕೂ ಕಡೆ 40 ಮಿ.ಮೀ. ಏರಿದರೆ ದಿಬ್ಬ ದಾಟುವ ಕೋನ ಸುಮಾರು 3 ಡಿಗ್ರಿ ಹೆಚ್ಚುತ್ತದೆ. ಕಾಗದದ ಮೇಲೆ ಸಣ್ಣದು, ಕೆರೆ ಏರಿ ಹತ್ತಿಳಿಯುವಾಗ ಸಣ್ಣದಲ್ಲ. ಜೊತೆಗೆ ಹಳೆಯ ಸ್ಪ್ರಿಂಗ್ ಲೋಡಿನಲ್ಲಿ ಕಳೆದುಕೊಳ್ಳುತ್ತಿದ್ದ ಎತ್ತರವನ್ನು ಹೊಸ ಸ್ಪ್ರಿಂಗ್ ಉಳಿಸಿಕೊಳ್ಳುತ್ತದೆ. ನಿಜವಾದ ಲಾಭ ಅಲ್ಲೇ ಇರುವುದು, ಖಾಲಿ ಗಾಡಿಯ ಫೋಟೋದಲ್ಲಿ ಅದು ಕಾಣುವುದಿಲ್ಲ.

ಈಗ ಮುಂಭಾಗ. ಇಲ್ಲಿ ದಾರಿಗಳು ಮೂರು, ಬೆಲೆ ಏರುತ್ತ ಹೋಗುತ್ತದೆ.

ಅಗ್ಗದ್ದು ಸ್ಟ್ರಟ್ಟಿನ (ಕಾಯಿಲ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ) ತಲೆಯ ಮೇಲೆ ಕೂರಿಸುವ ಸ್ಪೇಸರ್ ಎಂಬ ದಪ್ಪ ಬಿಲ್ಲೆ. ಅಲ್ಯೂಮಿನಿಯಂ, ಕಬ್ಬಿಣ, ಪಾಲಿಯುರೆಥೇನ್ ಯಾವುದೇ ಇರಲಿ, ಕೆಲಸ ಒಂದೇ. ಸ್ಟ್ರಟ್ಟಿನ ಬುಡ ಚಕ್ರವನ್ನು ಚಾಸಿಸ್‌ಗೆ ಹಿಡಿದಿಡುವ ಕೆಳತೋಳಿನ, ಅಂದರೆ ಲೋವರ್ ಆರ್ಮಿನ, ನಡುಭಾಗಕ್ಕೆ ಬಂದು ಕೂತಿರುತ್ತದೆ, ಚಕ್ರ ಇರುವುದು ಆರ್ಮಿನ ತುದಿಯಲ್ಲಿ. ಏತದ ಹಾಗೆ: ನಡುವೆ ಒಂದು ಗೇಣು ತಳ್ಳಿದರೆ ತುದಿ ಎರಡು ಗೇಣಿನ ಹತ್ತಿರ ಸರಿಯುತ್ತದೆ. 20 ಮಿ.ಮೀ. ದಪ್ಪದ ಸ್ಪೇಸರ್ ಚಕ್ರದ ಬಳಿ ಸುಮಾರು 35ರಿಂದ 40 ಮಿ.ಮೀ. ಕೊಡುತ್ತದೆ. ಎರಡಿಂಚು ಎತ್ತರ ಬೇಕೆಂದು ಎರಡಿಂಚು ದಪ್ಪದ ಸ್ಪೇಸರ್ ತರಿಸಿದರೆ ಮೂರೂವರೆ ಇಂಚಿನ ಮೇಲೆ ಹೋಗುತ್ತದೆ. ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟ್ (ಚಕ್ರ ಏರಿಳಿದರೂ ತಿರುಗಿದರೂ ಅದಕ್ಕೆ ಬಲ ದಾಟಿಸುವ ಕೀಲು) ಅಷ್ಟನ್ನು ತಾಳುವುದಿಲ್ಲ. ಆದ್ದರಿಂದ ಸ್ಪೇಸರ್ ಕೊಳ್ಳುವಾಗ ಅಂಗಡಿಯವರು ಹೇಳುವ ಇಂಚು ಸ್ಪೇಸರಿನ ದಪ್ಪವೋ ಚಕ್ರದ ಬಳಿ ಸಿಗುವ ಎತ್ತರವೋ ಎಂದು ಕೇಳಿಯೇ ಕೊಳ್ಳಬೇಕು.

ಈ ತಲೆ ಸ್ಪೇಸರಿನಿಂದ ಗಾಡಿ ಗಡುಸಾಗುವುದಿಲ್ಲ, ಸ್ಪ್ರಿಂಗ್ ಹಳೆಯದೇ ತಾನೆ. ತೊಂದರೆ ಎರಡು ತುದಿಗಳಲ್ಲಿದೆ. ಚಕ್ರ ಪೂರ್ತಿ ಕೆಳಗೆ ಜೋತಾಗ ಮೊದಲಿಗಿಂತ ಹೆಚ್ಚು ಇಳಿಯುತ್ತದೆ, ಬಾಲ್ ಜಾಯಿಂಟ್ ಮತ್ತು ಸಿ.ವಿ. ಜಾಯಿಂಟ್ ತಮ್ಮ ಮಿತಿಯ ಕೋನಕ್ಕೆ ಹೋಗುತ್ತವೆ. ಚಕ್ರ ಪೂರ್ತಿ ಮೇಲೆ ಒತ್ತಿದಾಗ, ಚಾಸಿಸ್‌ನ ಬಂಪ್ ಸ್ಟಾಪ್ ರಬ್ಬರ್ ತಡೆಯುವ ಮೊದಲೇ ಸ್ಪೇಸರಿನ ದಪ್ಪದಷ್ಟು ಬೇಗ ಶಾಕ್ ಅಬ್ಸಾರ್ಬರ್ ಒಳಗೆ ತಳ ಕಾಣಬಹುದು. ಕಬ್ಬಿಣಕ್ಕೆ ಕಬ್ಬಿಣ ಹೊಡೆಯುವ ಆ ಶಬ್ದ ಕೇಳಿದರೆ ಶಾಕ್ ಸೀಲಿನ ಆಯುಷ್ಯ ಎಣಿಸಬಹುದು.

ಇನ್ನೊಂದು ಬಗೆಯ ಸ್ಪೇಸರ್ ಸ್ಟ್ರಟ್ಟಿನ ಒಳಗೆ, ಸ್ಪ್ರಿಂಗಿನ ಮೇಲೆ ಕೂರುತ್ತದೆ. ಇದು ಸ್ಪ್ರಿಂಗನ್ನು ಮೊದಲೇ ಅದುಮಿಟ್ಟು ಗಾಡಿಯನ್ನು ಮೇಲೆ ನಿಲ್ಲಿಸುತ್ತದೆ. ‘ಸ್ಪ್ರಿಂಗ್ ಬಿಗಿಯಾಯಿತು, ಅದಕ್ಕೇ ಕುಲುಕುತ್ತದೆ’ ಎನ್ನುತ್ತಾರೆ, ಸರಿಯಲ್ಲ. ಒಂದು ಮಿ.ಮೀ. ಅದುಮಲು ಬೇಕಾದ ಭಾರ ಮೊದಲಿನಷ್ಟೇ. ಬದಲಾದದ್ದು ಕೆಳಗಿನ ಓಟ. ಶಾಕ್ ಅಬ್ಸಾರ್ಬರಿನ ಪೂರ್ತಿ ಉದ್ದ ಹಾಗೇ ಇದ್ದು ಗಾಡಿ ಮೇಲೆ ನಿಂತಿದ್ದರಿಂದ ಚಕ್ರ ಕೆಳಗೆ ಜೋಲಲು ಉಳಿದ ಜಾಗ ಕಡಿಮೆಯಾಯಿತು. ಹಂಪ್ ಇಳಿಯುವಾಗ ಶಾಕ್ ಮೇಲ್ತುದಿಗೆ ಬಡಿದು ‘ಟಕ್’ ಎನ್ನುತ್ತದೆ. ಹಳೆಯ ಪಿಕಪ್‌ಗಳಲ್ಲಿ ಟಾರ್ಷನ್ ಬಾರಿನ ಬೋಲ್ಟ್ ತಿರುಗಿಸಿ ಮೂತಿ ಎತ್ತುವುದೂ ಇದೇ ಜಾತಿಯ ಉಪಾಯ. ಪುಕ್ಕಟೆ ಎತ್ತರ, ಓಟದ ಲೆಕ್ಕದಲ್ಲಿ ಸಾಲ.

ಎರಡನೇ ದಾರಿ ಹೊಸ ಕಾಯಿಲ್ ಮತ್ತು ಅದಕ್ಕೆ ಹೊಂದುವ ಹೊಸ ಶಾಕ್. ಎ.ಆರ್.ಬಿ.ಯ ಓಲ್ಡ್ ಮ್ಯಾನ್ ಇಮು, ಐರನ್‌ಮ್ಯಾನ್, ಡಾಬಿನ್ಸನ್ಸ್, ಟಫ್ ಡಾಗ್ ಇವೆಲ್ಲ ಆಸ್ಟ್ರೇಲಿಯಾದ ಹೆಸರುಗಳು. ಈ ವರ್ಗದ ಪಿಕಪ್ಪಿಗೆ ಅವರ ಸಾಮಾನ್ಯ ಕಿಟ್ 40ರಿಂದ 50 ಮಿ.ಮೀ. ಆ ಅಂಕಿ ಸುಮ್ಮನೆ ಬಂದದ್ದಲ್ಲ; ಡಿಫರೆನ್ಷಿಯಲನ್ನು ಕೆಳಗಿಳಿಸದೆ ಸಿ.ವಿ. ಜಾಯಿಂಟ್ ನೆಮ್ಮದಿಯಾಗಿ ಬದುಕುವ ಗಡಿ ಸುಮಾರು ಅಲ್ಲೇ ಇದೆ. ಅದರ ಆಚೆ ಹೋದರೆ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸ್ ಹೊರಗೆ ಚಿಮ್ಮುತ್ತದೆ, ಒಂದು ಮಳೆಗಾಲದ ಕೆಸರು ಉಳಿದದ್ದನ್ನು ಮುಗಿಸುತ್ತದೆ. ಡಿಫ್ ಡ್ರಾಪ್ ಎಂದು ಡಿಫರೆನ್ಷಿಯಲನ್ನು 20–25 ಮಿ.ಮೀ. ಕೆಳಗಿಳಿಸುವ ತುಂಡುಗಳು ಸಿಗುತ್ತವೆ. ಕೋನ ಕಡಿಮೆಯಾಗುತ್ತದೆ ನಿಜ, ಜೊತೆಗೆ ಈಗತಾನೆ ದುಡ್ಡು ಕೊಟ್ಟು ಗಳಿಸಿದ ಎತ್ತರದಲ್ಲಿ ಅರ್ಧ ಅದೇ ಜಾಗದಲ್ಲಿ ವಾಪಸ್ ಹೋಗುತ್ತದೆ.

ಇಲ್ಲಿ ಭಾರತದ ಗಾಡಿಗೇ ವಿಶೇಷವಾದ ಒಂದು ಬಲೆ ಇದೆ. ಆಸ್ಟ್ರೇಲಿಯಾದ ಪಟ್ಟಿಗಳಲ್ಲಿ ಮುಂದಿನ ಕಾಯಿಲ್ ಮೂರು ಬಗೆ: ಬುಲ್ ಬಾರ್ ಇಲ್ಲದ್ದಕ್ಕೆ ಒಂದು, ಬುಲ್ ಬಾರ್ ಇದ್ದದ್ದಕ್ಕೆ ಒಂದು, ಬಾರ್ ಮತ್ತು ವಿಂಚ್ ಎರಡೂ ಇದ್ದದ್ದಕ್ಕೆ ಇನ್ನೊಂದು. ಅಲ್ಲಿ ಕಾಂಗರೂ ಅಡ್ಡ ಬರುವ ಭಯಕ್ಕೆ ಉಕ್ಕಿನ ಬಾರ್ ಸಾಮಾನ್ಯ. ನಮ್ಮಲ್ಲಿ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿತ್ತು. ಅಂದರೆ ಹೆಚ್ಚಿನವರ ಗಾಡಿಗೆ ಬೇಕಾದದ್ದು ಮೊದಲ ಬಗೆಯ ಕಾಯಿಲ್. ಆದರೆ ಅಂಗಡಿಯಲ್ಲಿ ಸ್ಟಾಕ್ ಇರುವುದು ಎರಡನೆಯದಾದರೆ ‘ಇದೇ ಒಳ್ಳೇದು ಸಾರ್, ಸ್ಟ್ರಾಂಗು’ ಎಂದು ಅದನ್ನೇ ದಾಟಿಸುತ್ತಾರೆ. ಮೂತಿಯಲ್ಲಿ ಇಲ್ಲದ ತೂಕಕ್ಕೆ ಮಾಡಿದ ಸ್ಪ್ರಿಂಗ್ 40ರ ಬದಲು 60 ಮಿ.ಮೀ. ಎತ್ತಿ ಕೂರಿಸುತ್ತದೆ, ಅಲೈನ್‌ಮೆಂಟ್ ಕೈಗೆ ಸಿಗುವುದಿಲ್ಲ, ಗಾಡಿ ಕಲ್ಲಿನ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಕಾಯಿಲ್ ಮೇಲೆ ಬರೆದ ನಂಬರನ್ನು ತಯಾರಕರ ಪಟ್ಟಿಯಲ್ಲಿ ನೀವೇ ನೋಡಿ, ನಿಮ್ಮ ವೇಬ್ರಿಡ್ಜ್ ಚೀಟಿಯ ಪಕ್ಕದಲ್ಲಿ ಇಟ್ಟು.

ಹೊಸ ಬಿಗಿ ಕಾಯಿಲ್, ಹಳೆಯ ಕಂಪನಿ ಶಾಕ್ ಎಂಬ ಅರ್ಧ ಉಳಿತಾಯ ಬೇಡ. ಸ್ಪ್ರಿಂಗ್ ಹಿಂದಕ್ಕೆ ಎಸೆಯುವ ಬಲ ಹೆಚ್ಚಾದಾಗ ಅದನ್ನು ಹಿಡಿದು ನಿಲ್ಲಿಸುವ ಶಾಕ್ ಮೊದಲಿನಷ್ಟೇ ಮೆದು ಇದ್ದರೆ ಒಂದು ಹಂಪಿಗೆ ಮೂರು ಸಲ ತೂಗುತ್ತದೆ. ಉದ್ದದ ಪ್ರಶ್ನೆಯೂ ಇದೆ, ಮೇಲೆ ಹೇಳಿದ ‘ಟಕ್’ ಇಲ್ಲೂ ಬರುತ್ತದೆ.

ಮೂರನೆಯದು ಎತ್ತರ ಹೊಂದಿಸಬಲ್ಲ ಪೂರ್ತಿ ಸ್ಟ್ರಟ್ ಮತ್ತು ಹೊಸ ಅಪ್ಪರ್ ಕಂಟ್ರೋಲ್ ಆರ್ಮ್. ಆರ್ಮಿನ ಕೆಲಸ ಎತ್ತರಿಸುವುದಲ್ಲ, ಎತ್ತರಿಸಿದ್ದರಿಂದ ಕಳೆದುಹೋದ ಕ್ಯಾಸ್ಟರ್ ಕೋನವನ್ನು (ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ವಾಪಸ್ ತರುವುದು. ಗಾಡಿ ಏರಿದಂತೆ ಮುಂಚಕ್ರದ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಗ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿತನ ತೋರಿಸುತ್ತದೆ, ಹೈವೇಯಲ್ಲಿ 90ರ ವೇಗಕ್ಕೆ ಗಾಡಿ ಅತ್ತಿತ್ತ ಅಲೆಯುತ್ತದೆ. ಹೈಲಕ್ಸಿನಲ್ಲಿ ಲೋವರ್ ಆರ್ಮಿನಲ್ಲಿ ಕೋನ ಹೊಂದಿಸಲು ಇರುವ ಕ್ಯಾಮ್ ಬೋಲ್ಟುಗಳಿಂದ 40 ಮಿ.ಮೀ.ವರೆಗಿನ ಲಿಫ್ಟನ್ನು ಸಾಮಾನ್ಯವಾಗಿ ಸಂಭಾಳಿಸಬಹುದು. ಅಲೈನ್‌ಮೆಂಟ್ ಯಂತ್ರದ ಪರದೆಯಲ್ಲಿ ಕ್ಯಾಸ್ಟರ್ ಎರಡು ಡಿಗ್ರಿಯ ಕೆಳಗೇ ನಿಂತು ಕ್ಯಾಮ್ ಕೊನೆ ಮುಟ್ಟಿದ್ದರೆ ಆಗ ಆರ್ಮ್ ಬೇಕು. ಅದಕ್ಕೆ ಮೊದಲೇ ಕೊಳ್ಳುವುದು ಜ್ವರ ಬರುವ ಮುಂಚೆ ಮಾತ್ರೆ ನುಂಗಿದಂತೆ.

ಹಿಂಭಾಗಕ್ಕೆ ಬಂದರೆ ಅಗ್ಗದ ದಾರಿಗಳು ಇನ್ನೂ ಹೆಚ್ಚು. ಆಕ್ಸಲ್ ಮತ್ತು ಪ್ಲೇಟ್‌ಗಳ ನಡುವೆ ಬ್ಲಾಕ್ ಇಟ್ಟು, ಅವನ್ನು ಒಟ್ಟಿಗೆ ಹಿಡಿದಿಡುವ ಯೂ ಬೋಲ್ಟನ್ನು ಉದ್ದದ್ದು ಹಾಕಿ ಬಿಗಿಯುವುದು ಒಂದು. ಒಂದಿಂಚಿನ ಬ್ಲಾಕ್ ದೊಡ್ಡ ಅಪರಾಧವಲ್ಲ. ಎತ್ತರ ಹೆಚ್ಚಿದಂತೆ ಏರಿನಲ್ಲಿ ಕ್ಲಚ್ ಬಿಟ್ಟಾಗ ಆಕ್ಸಲ್ ತನ್ನ ಸುತ್ತ ತಿರುಚಿಕೊಳ್ಳಲು ಸನ್ನೆಕೋಲು ಉದ್ದವಾಗುತ್ತದೆ, ಪ್ಲೇಟ್ ಎಸ್ ಆಕಾರಕ್ಕೆ ಬಾಗಿ ಹಿಂದಿನ ಚಕ್ರ ಕುಣಿಯುತ್ತದೆ. ಬ್ಲಾಕ್ ಮೇಲೆ ಬ್ಲಾಕ್ ಪೇರಿಸುವುದನ್ನಂತೂ ಯಾರು ಹೇಳಿದರೂ ಒಪ್ಪಬೇಡಿ. ಉದ್ದ ಶ್ಯಾಕಲ್ (ಲೀಫಿನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಇನ್ನೊಂದು ದಾರಿ. ಶ್ಯಾಕಲ್ ಎರಡಿಂಚು ಉದ್ದವಾದರೆ ಗಾಡಿ ಏರುವುದು ಒಂದಿಂಚು, ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಇಳಿಯುತ್ತದೆ. ಜೊತೆಗೆ ಆಕ್ಸಲ್ ಮೂತಿಯ ಕೋನವೂ ಬದಲಾಗುತ್ತದೆ. ಮೂರನೆಯದು ಇರುವ ಕಟ್ಟಿಗೆ ಇನ್ನೊಂದು ಪ್ಲೇಟ್ ಸೇರಿಸುವುದು. ನಮ್ಮೂರ ಸ್ಪ್ರಿಂಗ್ ಅಂಗಡಿಗಳಿಗೆ ಕೈ ಪಳಗಿದ ಕೆಲಸ. ಲೋಡಿಗೆ ಬಲ ಬರುತ್ತದೆ. ಆದರೆ ಹೊಸ ಪ್ಲೇಟಿನ ಬಾಗು ಹಳೆಯವಕ್ಕಿಂತ ಹೆಚ್ಚಿದ್ದರೆ ಭಾರವೆಲ್ಲ ಅದೊಂದರ ಮೇಲೇ ಬಿದ್ದು ಮೊದಲು ಮುರಿಯುವುದೂ ಅದೇ.

ಕಾಯಂ ಭಾರ 200–300 ಕೆ.ಜಿ. ಇದ್ದರೆ ಪೂರ್ತಿ ಹೊಸ ಲೀಫ್ ಕಟ್ಟೇ ಸರಿ. ಇಲ್ಲೂ ಪಟ್ಟಿಯಲ್ಲಿ ಖಾಲಿ ಅಥವಾ ಹಗುರ, ಮಧ್ಯಮ, ಕಾಯಂ ಭಾರ ಎಂದು ಬೇರೆ ಬೇರೆ ಕಟ್ಟುಗಳಿವೆ. ತೋಟದ ಗಾಡಿಗೆ ಮಧ್ಯಮದ್ದು ಸಾಕು: ಖಾಲಿ ಇದ್ದಾಗ ಮೇಲಿನ ತೆಳು ಪ್ಲೇಟ್‌ಗಳು ಕೆಲಸ ಮಾಡುತ್ತವೆ, ಮೂಟೆ ಬಿದ್ದಾಗ ಕೆಳಗಿನ ದಪ್ಪ ಪ್ಲೇಟ್ ಕೈಜೋಡಿಸುತ್ತದೆ. ಭಾರದ ಕಟ್ಟು ಹಾಕಿಸಿಕೊಂಡು ಖಾಲಿ ಓಡಿಸಿದರೆ ಹಿಂದಿನ ಚಕ್ರ ಜಲ್ಲಿಯ ಮೇಲೆ ನೆಲ ಬಿಡುತ್ತದೆ, ತಿರುವಿನಲ್ಲಿ ಹಿಂಬದಿ ಹೊರಗೆ ಜಾರುತ್ತದೆ. ಅದು ಬರೀ ಸೊಂಟನೋವಿನ ಮಾತಲ್ಲ.

ಗಾಳಿ ತುಂಬುವ ಏರ್‌ಬ್ಯಾಗನ್ನು ಲೀಫ್ ಮೇಲೆ ಕೂರಿಸುವ ಉಪಾಯವನ್ನೂ ಮಾರುತ್ತಾರೆ. ಡಬಲ್ ಕ್ಯಾಬ್ ಗಾಡಿಯಲ್ಲಿ ಇದರ ಅಪಾಯ ಬೇರೆ. ಲೀಫ್ ಸ್ಪ್ರಿಂಗ್ ಭಾರವನ್ನು ತನ್ನ ಎರಡು ತುದಿಗಳಿಂದ ಚಾಸಿಸ್‌ಗೆ ಹಂಚುತ್ತದೆ. ಏರ್‌ಬ್ಯಾಗ್ ಆಕ್ಸಲ್ ನೆತ್ತಿಯ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಅದರ ಹಿಂದೆ ಡೆಕ್ಕಿನ ತುದಿಯಲ್ಲಿ ಭಾರ, ಮುಂದೆ ಕ್ಯಾಬಿನ್. ಗುಂಡಿಗೆ ಬಿದ್ದ ಏಟಿಗೆ ಕ್ಯಾಬಿನ್ ಮತ್ತು ಡೆಕ್ಕಿನ ನಡುವೆ ಚಾಸಿಸ್ ಬಾಗಿದ ಉದಾಹರಣೆಗಳು ಆಸ್ಟ್ರೇಲಿಯಾದಲ್ಲಿ ಎಷ್ಟೋ ಇವೆ. ಹಿಂದೆ ಟ್ರೈಲರ್ ಕಟ್ಟಿ ಕಚ್ಚಾ ರಸ್ತೆಗೆ ಇಳಿಯುವವರು ಏರ್‌ಬ್ಯಾಗಿನಿಂದ ದೂರ ಇರುವುದು ಲೇಸು.

ಹಿಂಭಾಗ ಎತ್ತಿದ ಮೇಲೆ ಗಾಡಿ ಹೊರಡುವಾಗ ಸೀಟಿನ ಕೆಳಗೆ ಗುಡುಗುಡು ನಡುಕ ಬಂದರೆ ಟೈರ್ ಬ್ಯಾಲೆನ್ಸ್ ಮಾಡಿಸಲು ಓಡಬೇಡಿ. ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್ ಇದೆ. ಹಿಂದಿನ ತುಂಡಿನ ಕೋನ ಹೆಚ್ಚಾದದ್ದೇ ನಡುಕಕ್ಕೆ ಕಾರಣ. ಬೇರಿಂಗ್ ಬ್ರ್ಯಾಕೆಟ್ಟಿನಡಿ ಕೆಲವು ಮಿ.ಮೀ. ಪ್ಯಾಕಿಂಗ್ ಕೊಟ್ಟು ಕೆಳಗಿಳಿಸಿದರೆ ಬಹುತೇಕ ಹೋಗುತ್ತದೆ. ಉಳಿದರೆ ಪ್ಲೇಟ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಷಿಮ್.

ಬ್ರೇಕಿನ ಒಂದು ಮಾತು ಎಷ್ಟೋ ಗ್ಯಾರೇಜುಗಳು ಮರೆಯುತ್ತವೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಒಂದು ತೆಳು ಸರಳು ಹೋಗಿರುತ್ತದೆ. ಡೆಕ್ ಎಷ್ಟು ಕುಗ್ಗಿದೆ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ತೀರ್ಮಾನಿಸುವ ವಾಲ್ವ್ ಅದು. ಹಿಂಭಾಗ 50 ಮಿ.ಮೀ. ಏರಿದರೆ ಆ ವಾಲ್ವ್ ‘ಗಾಡಿ ಖಾಲಿ ಇದೆ’ ಎಂದೇ ತಿಳಿಯುತ್ತದೆ. ಅರ್ಧ ಟನ್ ಹೇರಿಕೊಂಡು ಘಾಟಿ ಇಳಿಯುವಾಗಲೂ ಹಿಂದಿನ ಬ್ರೇಕ್ ಅರೆಮನಸ್ಸಿನಲ್ಲಿ ಹಿಡಿಯುತ್ತದೆ. ಸರಳು ಇದ್ದರೆ ಏರಿದ ಎತ್ತರಕ್ಕೆ ತಕ್ಕಂತೆ ಅದರ ಬ್ರ್ಯಾಕೆಟ್ಟನ್ನೂ ಸರಿಸಲೇಬೇಕು.

ಹೆಡ್‌ಲೈಟ್ ಲೆಕ್ಕವನ್ನೂ ಮಾಡಿಬಿಡೋಣ. 3,085 ಮಿ.ಮೀ. ಉದ್ದಕ್ಕೆ ಮೂತಿ ಮಾತ್ರ 40 ಮಿ.ಮೀ. ಏರಿದರೆ 10 ಮೀಟರ್ ದೂರದಲ್ಲಿ ಬೆಳಕು ಸುಮಾರು 13 ಸೆಂ.ಮೀ. ಮೇಲೆ ಹೋಗುತ್ತದೆ. ಲೋ ಬೀಮನ್ನು ಸಾಮಾನ್ಯವಾಗಿ 10 ಮೀಟರಿಗೆ 10 ಸೆಂ.ಮೀ. ಇಳಿಯುವಂತೆ ಕೂರಿಸಿರುತ್ತಾರೆ. ಅಂದರೆ ಲೆವೆಲಿಂಗ್ ಮಾಡಿಸಿದ ಸಂಜೆಯಿಂದಲೇ ನಿಮ್ಮ ಲೋ ಬೀಮ್ ಎದುರಿನವನಿಗೆ ಹೈ ಬೀಮು. ಗೋಡೆಯ ಮುಂದೆ ನಿಲ್ಲಿಸಿ, ಹಳೆಯ ಗೆರೆಗೆ ಗುರುತು ಹಾಕಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಸ್ಕ್ರೂ ತಿರುಗಿಸಿ ಅದೇ ಗೆರೆಗೆ ತನ್ನಿ. ಐದು ನಿಮಿಷ ಸಾಕು.

ಕೂರಿಸುವ ಕೆಲಸದಲ್ಲಿ ಕೆಟ್ಟುಹೋಗುವ ಜಾಗಗಳು ಗೊತ್ತಿರುವಂಥವೇ. ಮುಂದಿನ ಸ್ಟ್ರಟ್ ತೆಗೆಯುವಾಗ ಸ್ಟೆಬಿಲೈಜರ್ ಲಿಂಕನ್ನು ಎರಡೂ ಕಡೆ ಬಿಚ್ಚಬೇಕು, ಒಂದೇ ಕಡೆ ಬಿಚ್ಚಿದರೆ ಇನ್ನೊಂದು ಕಡೆಯ ಬಾರ್ ಆರ್ಮನ್ನು ಎಳೆದು ಹಿಡಿದಿರುತ್ತದೆ. ಚಕ್ರ ಕೂರುವ ನಕಲ್ ಎಂಬ ಭಾಗ ಹೊರಕ್ಕೆ ವಾಲಿದಾಗ ಅದನ್ನು ಕಟ್ಟಿ ಹಿಡಿಯದಿದ್ದರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚುತ್ತದೆ. ಬ್ರೇಕ್ ಕ್ಯಾಲಿಪರ್ ಹೋಸಿನ ಮೇಲೆ ಜೋತಾಡಬಾರದು. ಸ್ಟ್ರಟ್ಟಿನ ತಲೆ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚುವುದು ಪ್ರಾಣಕ್ಕೇ ಕುತ್ತು. ಅದುಮಿಟ್ಟ ಆ ಕಾಯಿಲ್ ಬಿಟ್ಟುಕೊಂಡರೆ ಗುಂಡಿನ ಹಾಗೆ ಬರುತ್ತದೆ. ಕಂಪ್ರೆಸರ್ ಕೊಕ್ಕೆಗಳು ಎದುರುಬದುರಾಗಿ ಇರಬೇಕು, ಏರ್ ಗನ್ ಬಳಸದೆ ಕೈಯಲ್ಲೇ ನಿಧಾನ ತಿರುಗಿಸಬೇಕು. ಕೆಲವು ತಯಾರಕರು ಎಡ ಬಲಕ್ಕೆ ಬೇರೆ ಬೇರೆ ಎತ್ತರದ ಕಾಯಿಲ್ ಕೊಡುತ್ತಾರೆ, ಗುರುತು ನೋಡದೆ ಅದಲು ಬದಲು ಹಾಕಿದರೆ ಗಾಡಿ ವಾಲುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಬುಷ್ ಬೋಲ್ಟುಗಳದ್ದು. ಲೋವರ್ ಆರ್ಮಿನ ಬೋಲ್ಟ್, ಲೀಫ್ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್ ಇವನ್ನು ಗಾಡಿ ಗ್ಯಾರೇಜಿನ ಎತ್ತುಯಂತ್ರದ ಮೇಲೆ ಚಕ್ರ ಜೋತುಬಿಟ್ಟಿರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಆ ಜೋತ ಸ್ಥಿತಿಯಲ್ಲೇ ಅಂಟಿಕೊಂಡು, ಗಾಡಿ ನೆಲಕ್ಕಿಳಿದಾಗ ಸದಾ ತಿರುಚಿಕೊಂಡೇ ಇರುತ್ತದೆ; ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಕಿರುಗುಟ್ಟುತ್ತದೆ, ಎತ್ತರದ ಅಳತೆಯೂ ಸುಳ್ಳಾಗುತ್ತದೆ. ಕೈಬಿಗಿಗೆ ಬಿಟ್ಟು, ಚಕ್ರ ಹಾಕಿ, ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ, ಬಂಪರನ್ನು ನಾಲ್ಕು ಸಲ ಒತ್ತಿ ಬಿಟ್ಟು, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ ಕೊನೆಯ ಬಿಗಿ. ಹಳೆಯ ಯೂ ಬೋಲ್ಟ್ ಮತ್ತೆ ಹಾಕಬಾರದು. ಒಮ್ಮೆ ಬಿಗಿದಾಗ ಎಳೆದುಕೊಂಡ ಬೋಲ್ಟಿನ ಥ್ರೆಡ್ ಎರಡನೇ ಸಲ ಅಷ್ಟು ಹಿಡಿಯುವುದಿಲ್ಲ. ಕೊನೆಗೆ ಚಕ್ರ ಪೂರ್ತಿ ಜೋತಾಡಿಸಿ ಬ್ರೇಕ್ ಹೋಸ್, ಎ.ಬಿ.ಎಸ್. ವೈರ್, ಹಿಂದಿನ ಹೌಸಿಂಗಿನ ಬ್ರೀದರ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲೂ ಬಿಗಿದು ನಿಂತಿಲ್ಲ ಎಂದು ಕೈಯಿಟ್ಟು ನೋಡಿ. ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ಮತ್ತೊಮ್ಮೆ.

ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ಹೇಳುತ್ತದೆ. 40 ಮಿ.ಮೀ. ಸ್ಪ್ರಿಂಗ್ ಬದಲಾವಣೆಯನ್ನು ತಪಾಸಣೆಯ ಅಧಿಕಾರಿ ಹೇಗೆ ನೋಡುತ್ತಾರೆ ಎಂಬುದು ಅವರವರಿಗೆ ಬಿಟ್ಟದ್ದು. ಫೆಂಡರಿನಿಂದ ಹೊರಚಾಚಿದ ಚಕ್ರ ಮಾತ್ರ ದೂರದಿಂದಲೇ ಕೈಬೀಸಿ ಕರೆಯುತ್ತದೆ. ಕೊಡಗಿನಿಂದ ವಯನಾಡು, ಕಣ್ಣೂರಿಗೆ ಓಡಾಡುವವರಿಗೆ ಕೇರಳದ ಬಿಗಿ ಗೊತ್ತೇ ಇದೆ. ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ ಉತ್ತರ ತೆಗೆದಿಟ್ಟುಕೊಳ್ಳಿ. ಇನ್ನೊಂದು: ಎಷ್ಟೇ ಬಲದ ಸ್ಪ್ರಿಂಗ್ ಹಾಕಿದರೂ ಆರ್‌ಸಿಯ ಒಟ್ಟು ತೂಕದ ಮಿತಿ ಒಂದು ಕೆ.ಜಿ.ಯೂ ಏರುವುದಿಲ್ಲ. ಆಕ್ಸಲ್, ಬ್ರೇಕ್, ಚಾಸಿಸ್ ಹಳೆಯವೇ.

ಟೈರ್ ಬದಲಿಸುವುದಿದ್ದರೆ ಲಿಫ್ಟ್ ಆದ ಮೇಲೆ ಬದಲಿಸಿ. 265/70 ಆರ್17 ಹಾಕಿದರೆ ಸ್ಪೀಡೋಮೀಟರ್ ಲೆಕ್ಕ ಶೇ. 3.4ರಷ್ಟು ತಪ್ಪುತ್ತದೆ. 285/70 ಆರ್17ರ ವ್ಯಾಸ 831 ಮಿ.ಮೀ.; ಎತ್ತರ ಸಿಕ್ಕರೂ ಸ್ಟೀರಿಂಗ್ ತಿರುಗಿಸಿದಾಗ ಅದು ಫೆಂಡರ್ ಲೈನರಿಗೂ ಕ್ಯಾಬಿನ್ನನ್ನು ಚಾಸಿಸ್ ಮೇಲೆ ಕೂರಿಸಿದ ಮುಂದಿನ ಬ್ರ್ಯಾಕೆಟ್ಟಿಗೂ ಉಜ್ಜುತ್ತದೆ, ಏಕೆಂದರೆ ಲಿಫ್ಟ್ ಜಾಗ ಮಾಡುವುದು ಮೇಲೆ ಮಾತ್ರ, ಹಿಂದೆ ಮುಂದೆ ಅಲ್ಲ.

ಅಲೈನ್‌ಮೆಂಟ್ ಎರಡು ಸಲ ಮಾಡಿಸಬೇಕು. ಕಿಟ್ ಹಾಕಿದ ದಿನ ಒಮ್ಮೆ, ಸುಮಾರು 1,000 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ. ಹೊಸ ಸ್ಪ್ರಿಂಗ್ ಅಷ್ಟರಲ್ಲಿ 5ರಿಂದ 10 ಮಿ.ಮೀ. ಕೂತಿರುತ್ತದೆ. ಯೂ ಬೋಲ್ಟುಗಳನ್ನು 500 ಕಿ.ಮೀ.ಗೇ ಒಮ್ಮೆ ಟಾರ್ಕ್ ನೋಡಿ, 1,000ಕ್ಕೆ ಮತ್ತೆ. ಅಂದೇ ಮೊದಲ ದಿನದ ಕಾಗದ ತೆಗೆದು ನಾಲ್ಕೂ ಫೆಂಡರಿನ ಅಳತೆಯನ್ನು ಅದರ ಪಕ್ಕದಲ್ಲೇ ಬರೆಯಿರಿ, ಖಾಲಿ ಒಮ್ಮೆ, ಮೂಟೆ ಹೇರಿ ಒಮ್ಮೆ. ಹೇರಿದಾಗ ಹಿಂಬದಿ ಮುಂಬದಿಯ ಸಮಕ್ಕೆ ಅಥವಾ ಒಂದು ಬೆರಳು ಮೇಲೆ ನಿಂತಿದ್ದರೆ ಸ್ಪ್ರಿಂಗ್ ಆಯ್ಕೆ ಸರಿಯಾಗಿದೆ.